ಮನೆ ಮಾರುವ ಮುನ್ನ

ಮುಂಬಯಿ, ಪುಣೆಗಳಲ್ಲಿ ನೆಲೆನಿಂತ ಹೊರನಾಡ ಕನ್ನಡಿಗರಲ್ಲಿ ಅನೇಕರಿಗೆ ಊರಿನಲ್ಲಿ ತಂದೆ ಕಟ್ಟಿಸಿದ ಮನೆಯೊಂದಿರುತ್ತದೆ. ಅಲ್ಲಿಗೆ ಇನ್ನಾರೂ ಮರಳುವುದಿಲ್ಲವೆಂದು ಖಚಿತವಾದಾಗ ಮಾರಾಟದ ಮಾತು ಹುಟ್ಟುತ್ತದೆ. ಕೂಡಲೇ ಹೆಂಚು ಕೈಯಾಡಿಸಿ ಸುಣ್ಣ ಬಳಿಸುವ ಏರ್ಪಾಡು ನಡೆಯುತ್ತದೆ. ಸೋರುವ ಸೂರು, ಗೆದ್ದಲು ಹಿಡಿದ ಬಾಗಿಲು ಬೆಲೆಯನ್ನು ಇಳಿಸುವುದು ನಿಜ. ಆದರೆ ಗೋಡೆಗಿಂತ ಮೊದಲು ದುರಸ್ತಿಯಾಗಬೇಕಾದುದು ಕಾಗದಪತ್ರ.

ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವರ ಸ್ವಯಾರ್ಜಿತ ಮನೆಯಲ್ಲಿ ತಾಯಿಗೂ, ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಸಮಪಾಲುಂಟು. ಪಿತ್ರಾರ್ಜಿತ ಆಸ್ತಿಯಲ್ಲಿಯೂ 2005ರ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಹಕ್ಕನ್ನಿತ್ತಿದೆ. ಮದುವೆಯಲ್ಲಿ ಕೊಟ್ಟ ಒಡವೆಯಿಂದ ಈ ಹಕ್ಕು ಅಳಿಯದು. ಖಾತೆ ಹಿರಿಯ ಮಗನ ಹೆಸರಿಗಿದ್ದ ಮಾತ್ರಕ್ಕೆ ಒಡೆತನ ಅವನೊಬ್ಬನದಾಗದು. ಖಾತೆಯು ಕಂದಾಯದ ದಾಖಲೆಯಷ್ಟೇ. ನೋಂದಣಿಯ ದಿನ ತಂಗಿಯ ಸಹಿ ಕೇಳುವುದಕ್ಕಿಂತ, ಬೆಲೆ ಗೊತ್ತುಮಾಡುವ ಮೊದಲೇ ಅವಳೊಡನೆ ಕುಳಿತು ಮಾತನಾಡುವುದು ಮೇಲು.

ಅನಂತರ ಪೌತಿ ಖಾತೆ, ಕಂದಾಯದ ರಸೀದಿ, ಋಣಭಾರ ಪ್ರಮಾಣಪತ್ರಗಳನ್ನು ಅಣಿಮಾಡಬೇಕು. ಹಳೆಯ ಸಾಲ ತೀರಿದ್ದರೆ ಬ್ಯಾಂಕಿನಿಂದ ಮೂಲಪತ್ರಗಳನ್ನೂ ಅಡಮಾನದ ಬಿಡುಗಡೆ ಪತ್ರವನ್ನೂ ಪಡೆದಿರಬೇಕು. 20,000 ರೂಪಾಯಿ ಅಥವಾ ಅದಕ್ಕೂ ಮಿಕ್ಕ ಮುಂಗಡವನ್ನು ನಗದಾಗಿ ಪಡೆಯಲು 2015ರಿಂದ ಆದಾಯ ತೆರಿಗೆಯ ಕಾನೂನು ಆಸ್ಪದವೀಯುವುದಿಲ್ಲ. ಪಾಲುದಾರರೆಲ್ಲರ ಹಣವೂ ಅವರವರ ಬ್ಯಾಂಕ್ ಖಾತೆಗೆ ನೇರವಾಗಿ ಸಂದರೆ ಮುಂದೆ ಲೆಕ್ಕದ ಜಗಳವಿಲ್ಲ.

ಊರಿನ ಮನೆ ಪರರ ಪಾಲಾದ ಮೇಲೆ ತಂಗಿಗೆ ತವರೆಂದು ಉಳಿಯುವುದು ಅಣ್ಣನ ಮನೆಯೊಂದೇ. ಅದರ ಬಾಗಿಲು ಅವಳಿಗೆ ತೆರೆದಿರುವಂತೆ ಈ ವ್ಯವಹಾರ ಮುಗಿಯಬೇಕು.