ಆತಂಕದ ಕಾಯಿಲೆ: ರಿಪೋರ್ಟ್ ನಾರ್ಮಲ್ ಇದ್ದರೂ ತೊಂದರೆ ನಿಜ

ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ, ಉಸಿರು ಸಾಲದಂತಾಗುತ್ತದೆ. ಇಸಿಜಿ ಮಾಡಿಸಿದರೆ ಎಲ್ಲವೂ ನಾರ್ಮಲ್. ಆಗ ಮನೆಯವರು "ಏನೂ ಇಲ್ಲ, ಸುಮ್ಮನೆ ಯೋಚನೆ ಮಾಡ್ತೀಯ" ಎಂದುಬಿಡುತ್ತಾರೆ. ಆದರೆ ಆ ಅನುಭವ ಸುಳ್ಳಲ್ಲ.

ಅಪಾಯ ಎದುರಾದಾಗ ಮೆದುಳಿನ ಸೂಚನೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ಬಡಿತ, ರಕ್ತದೊತ್ತಡ, ರಕ್ತದಲ್ಲಿನ ಸಕ್ಕರೆ ಏರುತ್ತವೆ; ಜೀರ್ಣಕ್ರಿಯೆ ನಿಧಾನವಾಗುತ್ತದೆ. ಓಡಲು ಅಥವಾ ಎದುರಿಸಲು ದೇಹ ಮಾಡಿಕೊಳ್ಳುವ ಸಿದ್ಧತೆ ಇದು. ಅಪಾಯ ಕಳೆದರೆ ತಹಬಂದಿಗೆ ಬರುತ್ತದೆ.

ಆತಂಕದ ಕಾಯಿಲೆಯಲ್ಲಿ ಅಪಾಯವಿಲ್ಲದಿದ್ದರೂ ಈ ಸಿದ್ಧತೆ ಮತ್ತೆ ಮತ್ತೆ ನಡೆಯುತ್ತದೆ. ಹೀಗಾಗಿ ಕತ್ತು-ಭುಜ ಬಿಗಿಯುತ್ತವೆ, ತಲೆ ನೋಯುತ್ತದೆ, ಹೊಟ್ಟೆ ಕೆಡುತ್ತದೆ, ನಿದ್ದೆ ಬರುವುದಿಲ್ಲ. ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ಸಿಡುಕು ಬರುತ್ತದೆ.

ಎದೆನೋವು, ಉಸಿರಾಟದ ತೊಂದರೆಯನ್ನು ಆತಂಕವೆಂದು ನೀವೇ ನಿರ್ಧರಿಸಬೇಡಿ. ಮೊದಲು ವೈದ್ಯರಿಂದ ತಪಾಸಣೆ ಮಾಡಿಸಿ. ದೇಹದಲ್ಲಿ ದೋಷ ಕಾಣದೆ, ತೊಂದರೆಯೂ ನಿಲ್ಲದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನೆ ಹಾಗೂ ಔಷಧಗಳಿಂದ ಬಹಳಷ್ಟು ಮಂದಿ ಚೇತರಿಸಿಕೊಳ್ಳುತ್ತಾರೆ. ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೆಯವರು "ಏನೂ ಇಲ್ಲ" ಎನ್ನುವ ಬದಲು "ಬಾ, ಡಾಕ್ಟರ ಹತ್ತಿರ ಹೋಗೋಣ" ಎಂದರೆ ಅರ್ಧ ಭಾರ ಇಳಿದಂತೆ.