ಸೂರ್ಯರಾಜ ಗೆದ್ದದ್ದು, ಕಳೆದುಕೊಂಡದ್ದು

1651ರ ಫೆಬ್ರುವರಿಯ ಒಂದು ರಾತ್ರಿ. ಪ್ಯಾರಿಸ್ ಅರಮನೆಗೆ ಜನರ ಗುಂಪು ನುಗ್ಗಿತು. ಬಾಲಕ ದೊರೆಯನ್ನು ಗುಟ್ಟಾಗಿ ಊರಿನಿಂದ ಸಾಗಿಸಲಾಗುತ್ತಿದೆ ಎಂಬ ಗುಮಾನಿ ಅವರದು. ರಾಜಮಾತೆ ಮಲಗುವ ಕೋಣೆಯ ಬಾಗಿಲು ತೆರೆಸಿದಳು. ಹನ್ನೆರಡು ವರ್ಷದ ಹುಡುಗ ಹಾಸಿಗೆಯಲ್ಲಿ ಕಣ್ಣು ಮುಚ್ಚಿ ನಿದ್ದೆ ನಟಿಸುತ್ತಿದ್ದ. ಜನ ನೋಡಿ, ಸಮಾಧಾನಗೊಂಡು ಮರಳಿದರು.

ಆ ಹುಡುಗನೇ ಮುಂದೆ 'ಸೂರ್ಯರಾಜ' ಎನಿಸಿದ ಫ್ರಾನ್ಸಿನ 14ನೇ ಲೂಯಿ. 1648ರಿಂದ 1653ರವರೆಗೆ ಶ್ರೀಮಂತ ಸರದಾರರೂ ಪ್ಯಾರಿಸ್ಸಿನ ನ್ಯಾಯಾಧೀಶರೂ ನಡೆಸಿದ ದಂಗೆಗಳ ನೆನಪು ಅವನನ್ನು ಬಿಡಲಿಲ್ಲ.

1661ರಲ್ಲಿ ಪ್ರಧಾನಮಂತ್ರಿ ಮಜಾರಿನ್ ತೀರಿಕೊಂಡಾಗ ಲೂಯಿ ಆ ಹುದ್ದೆಗೆ ಮತ್ತೊಬ್ಬರನ್ನು ನೇಮಿಸಲಿಲ್ಲ. ಆಡಳಿತವನ್ನು ತಾನೇ ವಹಿಸಿಕೊಂಡ. ಸರದಾರರನ್ನು ಮಂತ್ರಾಲೋಚನೆಯಿಂದ ದೂರವಿಟ್ಟು, ಬಟ್ಟೆ ವ್ಯಾಪಾರಿಗಳ ಮನೆತನದ ಕೋಲ್ಬೇರ್‌ನಂಥವರಿಗೆ ಹಣಕಾಸು ಒಪ್ಪಿಸಿದ. ಪ್ರಾಂತಗಳ ತೆರಿಗೆ, ನ್ಯಾಯ, ಪೊಲೀಸು ವ್ಯವಸ್ಥೆಯ ಮೇಲೆ ಕಣ್ಣಿಡಲು 'ಇಂಟೆಂಡೆಂಟ್' ಎಂಬ ಅಧಿಕಾರಿಗಳಿದ್ದರು. 1682ರಲ್ಲಿ ಆಸ್ಥಾನ ವರ್ಸೇಲ್ಸ್‌ಗೆ ಸ್ಥಳಾಂತರಗೊಂಡಿತು. ಒಂದು ಕಾಲಕ್ಕೆ ಕತ್ತಿ ಹಿರಿದಿದ್ದ ಮನೆತನಗಳವರು ಅಲ್ಲಿ, ದೊರೆ ಮಲಗುವ ಹೊತ್ತಿನಲ್ಲಿ ದೀಪ ಹಿಡಿಯುವ ಭಾಗ್ಯಕ್ಕಾಗಿ ಪೈಪೋಟಿ ನಡೆಸಿದರು!

ಇಷ್ಟಕ್ಕೆ ಲೂಯಿ ತೃಪ್ತನಾಗಲಿಲ್ಲ. ರಾಜ ಒಬ್ಬನೇ ಆದಮೇಲೆ ಪ್ರಜೆಗಳ ಧರ್ಮವೂ ಒಂದೇ ಆಗಬೇಕೆಂಬುದು ಅವನ ಹಂಬಲ. ದೇಶದ ಸುಮಾರು 2 ಕೋಟಿ ಜನರಲ್ಲಿ 8 ಲಕ್ಷದಷ್ಟು ಮಂದಿ ಹ್ಯೂಗೆನಾಟರು, ಅಂದರೆ ಪ್ರಾಟೆಸ್ಟೆಂಟರು. ಲೂಯಿಯ ತಾತ 4ನೇ ಹೆನ್ರಿ 1598ರ ನಾಂಟ್ ಶಾಸನದ ಮೂಲಕ ಅವರಿಗೆ ಆರಾಧನೆಯ ಹಕ್ಕು ನೀಡಿದ್ದ. ಮೊಮ್ಮಗ ಅದನ್ನು ಒಂದೊಂದಾಗಿ ಕಿತ್ತುಕೊಂಡ. ಪ್ರಾರ್ಥನಾ ಮಂದಿರಗಳು ಉರುಳಿದವು. ಹಲವು ಉದ್ಯೋಗಗಳ ಬಾಗಿಲು ಮುಚ್ಚಿತು. 1681ರಿಂದ ಪ್ರಾಟೆಸ್ಟೆಂಟರ ಮನೆಗಳಲ್ಲಿ ಸೈನಿಕರನ್ನು ಇಳಿಸಲಾಯಿತು. ಅವರ ಊಟ, ವಸತಿ, ಪುಂಡಾಟ ಎಲ್ಲವೂ ಮನೆಯವರ ಪಾಲಿಗೆ. ಕ್ಯಾಥೊಲಿಕ್ ಆದರೆ ಮಾತ್ರ ಬಿಡುಗಡೆ.

ಹೆದರಿ ಮತಾಂತರಗೊಂಡವರ ದೊಡ್ಡ ಪಟ್ಟಿಗಳು ಅರಮನೆಗೆ ತಲುಪಿದವು. ಇನ್ನು ಆ ಶಾಸನದ ಅಗತ್ಯವೇ ಇಲ್ಲವೆಂದು ದೊರೆ 1685ರ ಅಕ್ಟೋಬರ್‌ನಲ್ಲಿ ಅದನ್ನು ರದ್ದುಪಡಿಸಿದ. ಮತಾಂತರಕ್ಕೆ ಒಪ್ಪದ ಪಾದ್ರಿಗಳಿಗೆ ದೇಶ ಬಿಡಲು 15 ದಿನಗಳ ಗಡುವು. ಉಳಿದವರು ಗಡಿ ದಾಟುವಂತಿಲ್ಲ. ಸಿಕ್ಕಿಬಿದ್ದ ಗಂಡಸರಿಗೆ ಯುದ್ಧನೌಕೆಗಳಲ್ಲಿ ಹುಟ್ಟು ಹಾಕುವ ಜೀತ.

ಆದರೂ ಸುಮಾರು 2 ಲಕ್ಷ ಜನ ದೇಶ ತೊರೆದರು. ನೇಕಾರರು, ಗಡಿಯಾರ ತಯಾರಕರು, ವರ್ತಕರು, ಸೇನಾಧಿಕಾರಿಗಳು ಅವರಲ್ಲಿದ್ದರು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ಉದ್ಯಮ ಅವರಿಂದ ಬೆಳಗಿತು. ಬ್ರಾಂಡೆನ್‌ಬರ್ಗ್‌ನ ದೊರೆ ಅದೇ ವರ್ಷ ಆಜ್ಞೆ ಹೊರಡಿಸಿ ಅವರನ್ನು ಬರಮಾಡಿಕೊಂಡ. 1700ರ ವೇಳೆಗೆ ಬರ್ಲಿನ್‌ನಲ್ಲಿ ಸುಮಾರು ಐವರಲ್ಲೊಬ್ಬರು ಹ್ಯೂಗೆನಾಟರು! ಇಂಗ್ಲಿಷಿನ 'ರೆಫ್ಯೂಜಿ' ಎಂಬ ಪದ ಬಳಕೆಗೆ ಬಂದದ್ದೂ ಇವರಿಂದಲೇ.

ಕೋಟೆಗಳನ್ನು ಕಟ್ಟಿಕೊಟ್ಟ ಲೂಯಿಯ ನೆಚ್ಚಿನ ಎಂಜಿನಿಯರ್ ವೊಬಾನ್ ಸ್ವತಃ ಕ್ಯಾಥೊಲಿಕ್. ಜನ, ಹಣ, ನಾವಿಕರು, ಸೈನಿಕರು ಶತ್ರುಗಳ ಪಾಲಾಗುತ್ತಿರುವುದನ್ನು ಕಂಡು, ಹೋದವರನ್ನು ವಾಪಸು ಕರೆಸಬೇಕೆಂದು 1689ರಲ್ಲಿ ಮನವಿ ಬರೆದ. ಅದು ಫಲಿಸಲಿಲ್ಲ.

ಫ್ರಾನ್ಸಿನಲ್ಲೇ ಉಳಿದ ಪ್ರಾಟೆಸ್ಟೆಂಟರು ಕಾಡುಮೇಡುಗಳಲ್ಲಿ ಗುಟ್ಟಾಗಿ ಪ್ರಾರ್ಥನೆಗೆ ಸೇರುತ್ತಿದ್ದರು. ತಮ್ಮ ಮದುವೆ, ಮಕ್ಕಳ ಜನನವನ್ನು ಕಾನೂನುಬದ್ಧವಾಗಿ ದಾಖಲಿಸಲು ಅವರು 1787ರವರೆಗೆ ಕಾಯಬೇಕಾಯಿತು. ಸರದಾರರನ್ನು ದೀಪ ಹಿಡಿಯಲು ನಿಲ್ಲಿಸಿದ ದೊರೆಗೆ, ನೇಕಾರನ ಮನಸ್ಸಿನೊಳಗಿನ ದೇವರನ್ನು ಬದಲಿಸಲು ಆಗಲಿಲ್ಲ.