ಅಂಬಿಗನಿಲ್ಲದ ಹಾಯಿದೋಣಿ

೧೯೬೦ರಲ್ಲಿ ಐವರು ಸಾಹಸಿಗಳು ಇಂಗ್ಲೆಂಡಿನ ಪ್ಲಿಮತ್ ಬಂದರಿನಿಂದ ನ್ಯೂಯಾರ್ಕಿಗೆ ಹಾಯಿದೋಣಿಗಳ ಪಂದ್ಯ ಹೂಡಿದರು. ಒಂದು ದೋಣಿಗೆ ಒಬ್ಬನೇ ಆಳು. ಅವನು ಉಣ್ಣಬೇಕು, ಮಲಗಬೇಕು. ಆಗ ಚುಕ್ಕಾಣಿ ಹಿಡಿಯುವವರಾರು? ೪೦ ದಿನಗಳಲ್ಲಿ ಗುರಿಮುಟ್ಟಿ ಗೆದ್ದ ಫ್ರಾನ್ಸಿಸ್ ಚಿಚೆಸ್ಟರರು ದೋಣಿಯ ಹಿಂಬದಿಯಲ್ಲಿ ಗಾಳಿಗೆ ತಿರುಗುವ ಒಂದು ಸಣ್ಣ ಪಟವನ್ನು ನಿಲ್ಲಿಸಿ, ಅದನ್ನು ಚುಕ್ಕಾಣಿಗೆ ಬಿಗಿದಿದ್ದರು. ಅದಕ್ಕೆ ‘ಮಿರಾಂಡ’ ಎಂದು ಮುದ್ದಿನ ಹೆಸರು. ದೋಣಿ ದಾರಿ ತಪ್ಪಿದೊಡನೆ ಗಾಳಿ ಪಟವನ್ನು ತಳ್ಳುವುದು, ಪಟ ಚುಕ್ಕಾಣಿಯನ್ನು ಎಳೆಯುವುದು. ಆದರೆ ಗಾಳಿಯೇ ದಿಕ್ಕು ಬದಲಿಸಿದರೆ ಮಿರಾಂಡಳೂ ಅದರ ಹಿಂದೆ ಹೋಗಿಬಿಡುವಳು! ಅದನ್ನು ಕಂಡು ತಿದ್ದಲು ಮನುಷ್ಯನೇ ಏಳಬೇಕು.

ಆ ಮನುಷ್ಯನೂ ಇಲ್ಲದಿದ್ದರೆ?

ಮೂರು ಪ್ರಶ್ನೆಗಳು

ಅಂಬಿಗನಿಲ್ಲದ ದೋಣಿ ಮೂರು ಪ್ರಶ್ನೆಗಳಿಗೆ ತಾನೇ ಉತ್ತರ ಕಂಡುಕೊಳ್ಳಬೇಕು: ನಾನು ಎಲ್ಲಿದ್ದೇನೆ? ನನ್ನ ಮುಖ ಯಾವ ಕಡೆಗಿದೆ? ಗಾಳಿ ಎಲ್ಲಿಂದ ಬೀಸುತ್ತಿದೆ?

ಮೊದಲನೆಯದು ಸುಲಭ. ಉಪಗ್ರಹಗಳ ಸಂಕೇತ ಹಿಡಿಯುವ ಜಿ.ಪಿ.ಎಸ್. ಉಪಕರಣ ಕೆಲವೇ ಮೀಟರುಗಳ ಅಂತರದಲ್ಲಿ ಸ್ಥಾನವನ್ನು ತಿಳಿಸುತ್ತದೆ. ಆದರೆ ಪ್ರವಾಹ ಸೆಳೆದಾಗ ದೋಣಿ ನೋಡುವ ದಿಕ್ಕೇ ಬೇರೆ, ಸಾಗುವ ದಿಕ್ಕೇ ಬೇರೆ. ಆದುದರಿಂದ ದಿಕ್ಸೂಚಿ ಬೇಕು. ದಿಕ್ಸೂಚಿಗೋ ಪಕ್ಕದ ಕಬ್ಬಿಣವೂ ಮೋಟಾರಿನ ವಿದ್ಯುತ್ತೂ ಭ್ರಮೆ ಹುಟ್ಟಿಸುತ್ತವೆ. ದೋಣಿ ವಾಲಿದರೂ ಲೆಕ್ಕ ತಪ್ಪುತ್ತದೆ. ಅದನ್ನು ಸರಿಪಡಿಸಲು ವಾಲುವಿಕೆಯನ್ನು ಅಳೆಯುವ ಮತ್ತೊಂದು ಸಂವೇದಕ ಜೊತೆಗಿರಬೇಕು.

ಗಾಳಿಯ ಗುಟ್ಟು

ಅತ್ಯಂತ ಕಠಿಣವಾದುದು ಮೂರನೆಯ ಪ್ರಶ್ನೆ. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಸಾಗಲಾರದು. ಸುಮಾರು ೪೫ ಡಿಗ್ರಿ ಓರೆಯಾಗಿ, ಅತ್ತಿತ್ತ ಹೊರಳುತ್ತ ಮುಂದುವರಿಯಬೇಕು. ನುರಿತ ನಾವಿಕನಿಗೆ ಕೆನ್ನೆಯ ಮೇಲೆ ಸೋಕಿದ ಗಾಳಿಯೇ ಸಾಕು. ಯಂತ್ರಕ್ಕೆ ಕೆನ್ನೆಯೆಲ್ಲಿಯದು?

ಅಗ್ಗದ ಉಪಾಯವೆಂದರೆ ತಿರುಗುವ ಗಾಳಿಸೂಚಿ. ಅದರ ಕೋನವನ್ನು ತಿಳಿಯಲು ಒಂದಕ್ಕೊಂದು ಉಜ್ಜುವ ವಿದ್ಯುತ್ ಭಾಗಗಳನ್ನು ಅಳವಡಿಸಿದರೆ ಉಪ್ಪುನೀರಿನಲ್ಲಿ ಅವು ಸವೆದು ಹಾಳಾಗುತ್ತವೆ. ಸೂಚಿಯ ಬುಡದಲ್ಲಿ ಅಯಸ್ಕಾಂತವನ್ನಿಟ್ಟು, ಅದರ ತಿರುವನ್ನು ಭದ್ರವಾಗಿ ಮುಚ್ಚಿದ ಪೆಟ್ಟಿಗೆಯೊಳಗಿನ ಸಂವೇದಕ ಮುಟ್ಟದೆಯೇ ಅರಿಯುವಂತೆ ಮಾಡುವುದು ಮೇಲು. ಶಬ್ದತರಂಗಗಳಿಂದ ಗಾಳಿಯನ್ನು ಅಳೆಯುವ ಉಪಕರಣದಲ್ಲಿ ಚಲಿಸುವ ಭಾಗಗಳೇ ಇಲ್ಲ. ಆದರೆ ಅದರ ಬೆಲೆ ಹೆಚ್ಚು.

ಅದನ್ನು ಎಲ್ಲಿ ನಿಲ್ಲಿಸಬೇಕು? ಕೆಳಗಿಟ್ಟರೆ ಹಾಯಿಯೇ ಗಾಳಿಗೆ ಅಡ್ಡ. ಕಂಬದ ತುದಿಗೇರಿಸಿದರೆ ದೋಣಿ ತೂಗಿದಷ್ಟೂ ಅದು ತೊನೆಯುತ್ತದೆ. ಹಲವು ಅಳತೆಗಳ ಸರಾಸರಿ ತೆಗೆಯೋಣವೆಂದರೆ ಅಲ್ಲಿಯೂ ಒಂದು ಹಳ್ಳವಿದೆ. ೩೫೯ ಮತ್ತು ೧ ಡಿಗ್ರಿಗಳೆರಡೂ ಉತ್ತರದ ಮಗ್ಗುಲಿನವೇ. ಶಾಲೆಯ ಲೆಕ್ಕದಂತೆ ಕೂಡಿ ಭಾಗಿಸಿದರೆ ಬರುವುದು ೧೮೦, ಅಂದರೆ ತೀರ ದಕ್ಷಿಣ! ಇಂಥ ಒಂದು ಅಲಕ್ಷ್ಯ ಸಾಕು, ದೋಣಿ ಬೆನ್ನು ತಿರುಗಿಸಲು.

ಹಾಗೆಂದು ಉಪಕರಣಗಳನ್ನು ಹೇರುವುದೂ ಜಾಣತನವಲ್ಲ. ಸೂರ್ಯನಿಂದ ದೊರೆಯುವ ವಿದ್ಯುತ್ತು ಮಿತವಾದುದು. ಪ್ರತಿಯೊಂದು ಉಪಕರಣವೂ ಅದರಲ್ಲಿ ಪಾಲು ಕೇಳುತ್ತದೆ. ನಡುಗಡಲಿನಲ್ಲಿ ಕೆಟ್ಟರೆ ರಿಪೇರಿಗೆ ಯಾರೂ ಇಲ್ಲ. ಆದುದರಿಂದ ಸಂವೇದಕವನ್ನು ಆರಿಸುವಾತ ಕೇಳಬೇಕಾದ ಪ್ರಶ್ನೆ, ‘ಇದು ಎಷ್ಟು ನಿಖರ?’ ಎಂಬುದಷ್ಟೇ ಅಲ್ಲ. ‘ಇದು ಸತ್ತರೆ ದೋಣಿ ಬದುಕೀತೆ?’ ಎಂಬುದು.

ಕಡಲಿನ ಪರೀಕ್ಷೆ

ಅಟ್ಲಾಂಟಿಕ್ ಸಾಗರವನ್ನು ದಾಟಲು ಇಂಥ ಹಲವು ಪುಟ್ಟ ದೋಣಿಗಳು ಹೊರಟು ವಿಫಲವಾದವು. ಕೊನೆಗೆ ೨೦೧೮ರಲ್ಲಿ ನಾರ್ವೆಯ, ಕೇವಲ ೨ ಮೀಟರ್ ಉದ್ದದ ‘ಸೈಲ್‌ಬಾಯ್’ ನ್ಯೂಫೌಂಡ್‌ಲೆಂಡಿನಿಂದ ಹೊರಟು ಐರ್ಲೆಂಡಿನ ಬಳಿಯ ಗುರಿಯನ್ನು ತಲುಪಿತು.

ಮರುವರ್ಷ ಇನ್ನೂ ದೊಡ್ಡ ಅದ್ಭುತ. ‘ಸೈಲ್‌ಡ್ರೋನ್’ ಎಂಬ ಅಮೆರಿಕದ ದೋಣಿಯೊಂದು ನ್ಯೂಜಿಲೆಂಡಿನಿಂದ ಹೊರಟು ೧೯೬ ದಿನಗಳಲ್ಲಿ ಅಂಟಾರ್ಕ್ಟಿಕ ಖಂಡವನ್ನು ಸುತ್ತಿ ಬಂದಿತು. ಕ್ರಮಿಸಿದ ದೂರ ೨೨,೦೦೦ ಕಿಲೋಮೀಟರಿಗೂ ಹೆಚ್ಚು. ದಾರಿಯಲ್ಲಿ ನೀರ್ಗಲ್ಲ ಬೆಟ್ಟವೊಂದಕ್ಕೆ ತಗುಲಿ ಅದರ ಕೆಲವು ಸಂವೇದಕಗಳು ಕೆಟ್ಟವು. ಆದರೂ ದೋಣಿ ನಿಲ್ಲಲಿಲ್ಲ. ಈ ದೋಣಿಗಳ ಬಟ್ಟೆಯಿಲ್ಲದ ಗಟ್ಟಿ ಹಾಯಿ, ತನ್ನ ಬಾಲದ ನೆರವಿನಿಂದ ಗಾಳಿಗೆ ತಾನೇ ಹೊಂದಿಕೊಳ್ಳುವಂಥದು.

ವಾಚಕರಿಗೆ ನೆನಪಾಗಿರಬಹುದು: ಗಾಳಿಯನ್ನು ಗಾಳಿಯಿಂದಲೇ ತಿಳಿಯುವ ಈ ವಿದ್ಯೆ ಹೊಸದಲ್ಲ. ಚಿಚೆಸ್ಟರರು ನಿದ್ರಿಸುತ್ತಿದ್ದಾಗ ಮಿರಾಂಡ ಮಾಡಿದ್ದೂ ಅದನ್ನೇ.